ಮಿರರ್‌ನ ಒಂದು ಡಿಸ್ಕ್ ಕೆಟ್ಟಿದೆ, ಆಷಾಢದವರೆಗೆ ಕಾಯಬಹುದಾ?

ಪ್ರಶ್ನೆ: ಮೂಡಿಗೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ ಫೋಟೋ, ವಿಡಿಯೋ ಎಲ್ಲ ಒಂದು ಉಬುಂಟು ಕಂಪ್ಯೂಟರಿನಲ್ಲಿದೆ. ಅದರಲ್ಲಿ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಮಿರರ್ ಮಾಡಿಸಿದ್ದೇನೆ. ಈಗ ಒಂದು ಡಿಸ್ಕ್ ಕೆಟ್ಟಿದೆ ಎಂದು ತೋರಿಸುತ್ತಿದೆ. ಆದರೆ ಕೆಲಸ ಏನೂ ನಿಂತಿಲ್ಲ. ಲಗ್ನದ ಸೀಸನ್, ಪುರುಸೊತ್ತೇ ಇಲ್ಲ. ಆಷಾಢದಲ್ಲಿ ಬದಲಾಯಿಸಿದರೆ ಆಗುತ್ತಾ?

ಉತ್ತರ: ಬೇಡ, ಅಷ್ಟು ದಿನ ಕಾಯಬೇಡಿ. ಡಿಸ್ಕ್ ಬರುವುದು ಎರಡು ದಿನ ತಡವಾದರೂ ಪರವಾಗಿಲ್ಲ, ಆದರೆ ಕಾಪಿ ತೆಗೆಯುವ ಕೆಲಸ ಇವತ್ತೇ ಶುರು ಮಾಡಿ.

ಮಿರರ್ ಅಂದರೆ ರೇಡ್ 1. ಏನು ಬರೆದರೂ ಎರಡೂ ಡಿಸ್ಕಿಗೆ ಹೋಗುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಕೆಲಸ ನಿಲ್ಲುವುದಿಲ್ಲವಲ್ಲ, ಹಾಗಾಗಿ ನಮಗೆ ಅವಸರವೂ ಅನಿಸುವುದಿಲ್ಲ. ಈಗ ನೀವಿರುವ ಸ್ಥಿತಿ, ಸ್ಟೆಪ್ನಿ ಹಾಕಿಕೊಂಡ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿದ ಹಾಗೆ. ಗಾಡಿ ಓಡುತ್ತದೆ, ಆದರೆ ಇನ್ನೊಂದು ಟೈರ್ ಹೋದರೆ ಮುಗಿಯಿತು.

ಇಲ್ಲಿ ನಿಜವಾದ ಭಯ ಉಳಿದಿರುವ ಡಿಸ್ಕಿನದ್ದು. ಮೂರು ವರ್ಷ ಹಿಂದಿನ ಮದುವೆ ಫೋಲ್ಡರನ್ನು ಯಾರೂ ತೆರೆದಿರುವುದಿಲ್ಲ. ಆ ಜಾಗದ ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಬರೆಯುವ ಚಿಕ್ಕ ತುಂಡು) ಕೆಟ್ಟಿದ್ದರೂ ಓದುವ ತನಕ ಗೊತ್ತಾಗುವುದಿಲ್ಲ. ಹೊಸ ಡಿಸ್ಕ್ ಹಾಕಿದಾಗ ಹಳೆಯದನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು. ಅಡಗಿದ್ದ ತೊಂದರೆ ಆಗಲೇ ಹೊರಗೆ ಬರುತ್ತದೆ, ಸರಿಪಡಿಸಲು ಎರಡನೇ ಪ್ರತಿ ಇಲ್ಲದ ಹೊತ್ತಿನಲ್ಲಿ. ಸಾಮಾನ್ಯವಾಗಿ ಎರಡೂ ಡಿಸ್ಕ್ ಒಂದೇ ದಿನ, ಒಂದೇ ಅಂಗಡಿಯಿಂದ ತಂದ ಒಂದೇ ಮಾಡೆಲ್ ಆಗಿರುತ್ತವೆ. ಅಷ್ಟೇ ಗಂಟೆ ಓಡಿವೆ, ಅದೇ ಸೆಕೆ, ಅದೇ ವೋಲ್ಟೇಜ್ ಏರುಪೇರು ಕಂಡಿವೆ. ಇನ್ನು ಆಷಾಢ ಅಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕಾ? ಗಾಳಿಮಳೆಗೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಬಂದು ಮಾಡುತ್ತದೆ. ಮದುವೆ ಇಲ್ಲದ ತಿಂಗಳು ನಿಮಗೆ ಬಿಡುವು, ಆದರೆ ಡಿಸ್ಕಿಗೆ ಅದೇ ಕಷ್ಟದ ತಿಂಗಳು.

ಮೊದಲು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ತೆಗೆಯಿರಿ. ಗಿರಾಕಿಗೆ ಇನ್ನೂ ಕೊಡದ ಮದುವೆಗಳು ಮೊದಲು, ಹಳೆಯವು ಆಮೇಲೆ. ಕಾಪಿ ಮಾಡುವುದೂ ಡಿಸ್ಕಿಗೆ ಕೆಲಸವೇ ಅಲ್ವಾ? ಮಧ್ಯದಲ್ಲಿ ಕೈಕೊಟ್ಟರೂ ಬೇಕಾದದ್ದು ಉಳಿದಿರುತ್ತದೆ.

ಆಮೇಲೆ ಕೆಟ್ಟಿರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಇಲ್ಲಿ ಮಾತ್ರ ನಿಧಾನವಾಗಿರಿ, ಒಳ್ಳೆಯ ಡಿಸ್ಕನ್ನೇ ಎಳೆದುಬಿಡುವ ತಪ್ಪು ಆಗುವುದು ಇಲ್ಲೇ. ಮಿರರ್‌ನ ಸ್ಥಿತಿ ತೋರಿಸುವ 'ಎಂಡಿಸ್ಟಾಟ್' ಫೈಲ್ ತೆರೆದರೆ ಚೌಕ ಕಂಸದೊಳಗೆ ಎರಡು 'ಯು' ಅಕ್ಷರ ಇರಬೇಕು. ಈಗ ಒಂದು 'ಯು', ಪಕ್ಕದಲ್ಲಿ ಒಂದು ಅಡಿಗೆರೆ ಕಾಣುತ್ತದೆ. ಆದರೆ 'ಎಸ್‌ಡಿಎ', 'ಎಸ್‌ಡಿಬಿ' ಎಂದು ಉಬುಂಟು ಡಿಸ್ಕುಗಳಿಗೆ ಕೊಡುವ ಹೆಸರುಗಳನ್ನು ನಂಬಿ ಕೈ ಹಾಕಬೇಡಿ, ರೀಸ್ಟಾರ್ಟ್ ಮಾಡಿದರೆ ಅವು ಅದಲುಬದಲಾಗಬಹುದು. 'ಸ್ಮಾರ್ಟ್‌ಸಿಟಿಎಲ್' ಕಮಾಂಡಿನಿಂದ ಸೀರಿಯಲ್ ನಂಬರ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಡಿಸ್ಕಿನ ಲೇಬಲ್ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಕೆಟ್ಟದ್ದು ಉತ್ತರವನ್ನೇ ಕೊಡದಿದ್ದರೆ, ಬದುಕಿರುವುದರ ನಂಬರ್ ಬರೆದುಕೊಳ್ಳಿ. ಆ ನಂಬರ್ ಇಲ್ಲದ್ದೇ ಕೆಟ್ಟದ್ದು.

ಎಷ್ಟೋ ಸಲ ಡಿಸ್ಕ್ ಚೆನ್ನಾಗಿರುತ್ತದೆ, ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸಡಿಲವಾಗಿರುತ್ತದೆ. ಅದೇ ಕಮಾಂಡ್ ತೋರಿಸುವ ಸ್ಮಾರ್ಟ್ ವಿವರದಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) 'ರೀಅಲೊಕೇಟೆಡ್' (ಕೆಟ್ಟು ಬದಲಿ ಜಾಗ ಕೊಟ್ಟ) ಮತ್ತು 'ಪೆಂಡಿಂಗ್' (ಓದಲಾಗದೆ ಬಾಕಿ ಉಳಿದ) ಸೆಕ್ಟರ್ ಸೊನ್ನೆ ಇದ್ದು, 'ಸಿಆರ್‌ಸಿ' ಎರರ್ (ಕೇಬಲಿನಲ್ಲಿ ಡೇಟಾ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಪೆಂಡಿಂಗ್ ಏರುತ್ತಿದ್ದರೆ ಡಿಸ್ಕ್ ಬದಲಿಸುವುದೇ ಸರಿ.

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಸ್ವಲ್ಪ ಚಿಕ್ಕದಾದರೂ ಮಿರರ್‌ಗೆ ಸೇರುವುದಿಲ್ಲ. ಸಾಧ್ಯವಾದರೆ ಬೇರೆ ಬ್ಯಾಚಿನದ್ದು ಕೇಳಿ. ಮಿರರ್ ನಿಭಾಯಿಸುವ 'ಎಂಡಿಆಡಮ್' ಕಮಾಂಡಿನಲ್ಲಿ ಕೆಟ್ಟದ್ದನ್ನು ಫೇಲ್ ಎಂದು ಗುರುತಿಸಿ, ರಿಮೂವ್ ಮಾಡಿ. ಕಂಪ್ಯೂಟರ್ ಬಂದ್ ಮಾಡಿ ಡಿಸ್ಕ್ ಬದಲಿಸಿ. ಮಿರರ್ ಇರುವುದು ಪಾರ್ಟಿಶನ್ (ಡಿಸ್ಕನ್ನು ವಿಂಗಡಿಸಿದ ಭಾಗ) ಮೇಲಾದರೆ ಹೊಸದರಲ್ಲೂ ಅದೇ ರೀತಿ ಪಾರ್ಟಿಶನ್ ಮಾಡಿ, ಆಮೇಲೆ ಅದನ್ನು ಮಿರರ್‌ಗೆ ಆ್ಯಡ್ ಮಾಡಿ. ಉಬುಂಟು ಕೂಡ ಇವೇ ಡಿಸ್ಕಿನಲ್ಲಿದ್ದರೆ ಹೊಸದಕ್ಕೂ ಬೂಟ್ ಲೋಡರ್ (ಕಂಪ್ಯೂಟರ್ ಹಚ್ಚಿದಾಗ ಉಬುಂಟುವನ್ನು ಎಬ್ಬಿಸುವ ಪ್ರೋಗ್ರಾಂ) ಹಾಕಬೇಕು. ಇದನ್ನು ಮರೆತರೆ ಮುಂದೆ ಇನ್ನೊಂದು ಡಿಸ್ಕ್ ಹೋದ ದಿನ ಕಂಪ್ಯೂಟರ್ ಏಳುವುದೇ ಇಲ್ಲ.

ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 4 ಟಿಬಿ ತುಂಬಲು ಸುಮಾರು ಏಳೂವರೆ ಗಂಟೆ ಬೇಕು. ಜೊತೆಗೆ ಎಡಿಟಿಂಗ್ ನಡೆಸಿದರೆ ಇನ್ನೂ ಜಾಸ್ತಿ. ರಾತ್ರಿ ಹಚ್ಚಿ ಬಿಡಿ, ಯುಪಿಎಸ್ ಇಲ್ಲದೆ ಮಾತ್ರ ಬೇಡ. ಮಧ್ಯೆ ಕರೆಂಟ್ ಹೋದರೆ ಹಳೆಯ ಡಿಸ್ಕಿನ ಫೋಟೋಗಳು ಅಳಿಸಿಹೋಗುವುದಿಲ್ಲ, ಆದರೆ ಅಷ್ಟೂ ಓದು ಮತ್ತೆ ಮೊದಲಿಂದ ಶುರುವಾಗಬಹುದು. ಸುಸ್ತಾದ ಡಿಸ್ಕಿಗೆ ಅದೊಂದು ಹೊರೆ.

ಇಷ್ಟಾದ ಮೇಲೆ ಸುಮ್ನೆ ಬಿಡಬೇಡಿ. ಉಬುಂಟುವಿನಲ್ಲಿ ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದ ಮೇಲೆ ಮಿರರ್ ತಾನಾಗಿಯೇ ಪರೀಕ್ಷೆಗೆ ಒಳಗಾಗುವ ಏರ್ಪಾಡಿದೆ. ಎರಡೂ ಡಿಸ್ಕನ್ನು ಪೂರ್ತಿ ಓದಿ, ಒಂದರಲ್ಲಿ ಓದಲಾಗದ್ದನ್ನು ಇನ್ನೊಂದರಿಂದ ತುಂಬುತ್ತದೆ. ಆದರೆ ಸ್ಟುಡಿಯೋ ಬಾಗಿಲು ಹಾಕುವಾಗ ಕಂಪ್ಯೂಟರ್ ಬಂದ್ ಮಾಡುವವರಲ್ಲಿ ಇದು ಸದ್ದಿಲ್ಲದೆ ತಪ್ಪಿಹೋಗಬಹುದು. ತಿಂಗಳಿಗೊಂದು ರಾತ್ರಿ ಅದಕ್ಕೆಂದೇ ಚಾಲೂ ಇಡಿ. ಒಂದು ಮಿತಿ ಇದೆ: ಎರಡೂ ಕಡೆ ಓದಲು ಬಂದು, ಇರುವುದು ಬೇರೆ ಬೇರೆಯಾದರೆ ಸರಿ ಯಾವುದು ಎಂದು ಇದಕ್ಕೆ ಗೊತ್ತಾಗುವುದಿಲ್ಲ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ಗಳು ಚೆಕ್‌ಸಮ್ (ಬರೆದದ್ದು ಬದಲಾಗಿದೆಯಾ ಎಂದು ತಾಳೆ ನೋಡುವ ಲೆಕ್ಕ) ಇಟ್ಟುಕೊಳ್ಳುವುದರಿಂದ ಅವಕ್ಕೆ ಗೊತ್ತಾಗುತ್ತದೆ. ಮುಂದೆ ಹೊಸದಾಗಿ ಮಾಡಿಸುವಾಗ ಇದನ್ನು ಯೋಚಿಸಿ. ಡಿಸ್ಕ್ ಕೆಟ್ಟರೆ ನಿಮಗೆ ಮೇಲ್ ಬರುವ ಹಾಗೆ ಮಾಡಿಕೊಂಡು, ಪರೀಕ್ಷೆಗೊಂದು ಮೇಲ್ ಕಳಿಸಿ ಅದು ಬಂತಾ ನೋಡಿ.

ಇವತ್ತು ಕಾಪಿ ತೆಗೆದ ಎಕ್ಸ್‌ಟರ್ನಲ್ ಡಿಸ್ಕನ್ನು ಖಾಲಿ ಮಾಡಬೇಡಿ, ಮನೆಯಲ್ಲಿಟ್ಟು ಆಗಾಗ ತಂದು ತುಂಬಿಸಿ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಮಿರರ್ ಅದನ್ನು ಎರಡೂ ಕಡೆ ಅಳಿಸುತ್ತದೆ.

ತೆಗೆದ ಡಿಸ್ಕನ್ನು ಹೊಸದು ತುಂಬಿ, ಪರೀಕ್ಷೆ ಮುಗಿಯುವ ತನಕ ಹಾಗೇ ಇಡಿ. ಅರ್ಧಂಬರ್ಧ ಓದಿದರೂ ಅದರಿಂದ ಕೆಲವು ಫೈಲ್ ಎತ್ತಬಹುದು. ಹಾಗೇ ಗುಜರಿಗೂ ಕೊಡಬೇಡಿ. ಮಿರರ್‌ನ ಒಂದೊಂದು ಡಿಸ್ಕಿನಲ್ಲೂ ಇರುವುದು ಪೂರ್ತಿ ಪ್ರತಿ, ನಿಮ್ಮ ಗಿರಾಕಿಗಳ ಮನೆಯ ಫೋಟೋಗಳು. ಅಳಿಸಲು ಆದರೆ ಅಳಿಸಿ, ಆಗದಿದ್ದರೆ ಒಳಗಿನ ತಟ್ಟೆಗಳಿಗೆ ಡ್ರಿಲ್ ಹೊಡೆಸಿ ಕೊಡಿ.