ತಂಬಾಕಿನ ಎಲೆಯಲ್ಲಿ ನಿಕೋಟಿನ್ ಒಂಟಿಯಲ್ಲ

ಸಿಗರೇಟು ಬಿಡಲೆಂದು ಚರ್ಮಕ್ಕೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡವರು ನಡುವೆ ಕದ್ದು ಸೇದಿದ್ದಾರೆಯೇ ಎಂದು ಪ್ರಯೋಗಾಲಯ ಪತ್ತೆ ಹಚ್ಚುವುದು ಹೇಗೆ? ನಿಕೋಟಿನ್ ಸೇವನೆಯನ್ನು ಅಳೆಯಲು ಸಾಮಾನ್ಯವಾಗಿ ನೋಡುವುದು ಕೋಟಿನಿನ್ ಎಂಬ ವಸ್ತುವನ್ನು. ಯಕೃತ್ತು ನಿಕೋಟಿನ್ನನ್ನು ಮಾರ್ಪಡಿಸಿದಾಗ ಅದು ಹುಟ್ಟುತ್ತದೆ. ರಕ್ತದಲ್ಲಿ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೋಟಿನಿನ್ ಅರ್ಧಕ್ಕಿಳಿಯಲು 16 ಗಂಟೆಯಷ್ಟು ಬೇಕು. ಆದರೆ ಪಟ್ಟಿಯ ನಿಕೋಟಿನ್ನೂ ಕೋಟಿನಿನ್ ಆಗುವುದರಿಂದ ಇಲ್ಲಿ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಆಗ ಮೂತ್ರದಲ್ಲಿ ಅನಾಬಸಿನ್ ಮತ್ತು ಅನಾಟಬಿನ್ ಎಂಬ ಬೇರೆ ಎರಡು ವಸ್ತುಗಳನ್ನು ಹುಡುಕುತ್ತಾರೆ. ಔಷಧ ದರ್ಜೆಗೆ ಶುದ್ಧೀಕರಿಸಿದ ನಿಕೋಟಿನ್‌ನಲ್ಲಿ ಇವು ನಾಮಮಾತ್ರಕ್ಕೆ ಇರುತ್ತವೆ. ತಂಬಾಕು ಸೇದಿದವರ ಮೂತ್ರದಲ್ಲಿ ಮಾತ್ರ ಎದ್ದು ಕಾಣುತ್ತವೆ.

ಪತ್ತೇದಾರಿಗೆ ಒದಗುವ ಈ ಎರಡರ ಜೊತೆಗೆ ನಾರ್ನಿಕೋಟಿನ್, ಮಯೋಸ್ಮಿನ್, ಬೀಟಾ-ನಿಕೋಟಿರಿನ್ ಮುಂತಾದವೂ ತಂಬಾಕಿನ ಆಲ್ಕಲಾಯ್ಡ್‌ಗಳೇ, ಅಂದರೆ ಗಿಡ ತಯಾರಿಸುವ, ಸಾರಜನಕವಿರುವ ವಸ್ತುಗಳೇ. ಎಲೆಯ ಒಟ್ಟು ಆಲ್ಕಲಾಯ್ಡ್‌ನಲ್ಲಿ ನೂರಕ್ಕೆ ಸುಮಾರು 95 ಪಾಲು ನಿಕೋಟಿನ್. 1828ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ಅದನ್ನು ಬೇರ್ಪಡಿಸಿದಾಗಿನಿಂದ ಎಲ್ಲರ ಗಮನವೂ ಅದರ ಮೇಲೆಯೇ ನೆಟ್ಟಿದೆ. ಉಳಿದ ಐದು ಪಾಲನ್ನು ಕಡೆಗಣಿಸಬಾರದು ಎಂಬುದು ನನ್ನ ದೃಢವಾದ ಅನಿಸಿಕೆ. ಇ-ಸಿಗರೇಟು ಬಂದ ಮೇಲಂತೂ ಆ ಐದು ಪಾಲಿನ ಪ್ರಶ್ನೆ ಇನ್ನಷ್ಟು ತುರ್ತಾಗಿದೆ.

ಇವುಗಳಲ್ಲಿ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು ನಾರ್ನಿಕೋಟಿನ್. ನಿಕೋಟಿನ್ ತಯಾರಾಗುವುದು ಗಿಡದ ಬೇರಿನಲ್ಲಿ. ಅಲ್ಲಿಂದ ನೀರಿನೊಡನೆ ಮೇಲೇರಿ ಎಲೆ ಸೇರುತ್ತದೆ, ಎಲೆ ತಿನ್ನುವ ಕೀಟಗಳಿಗೆ ವಿಷವಾಗುತ್ತದೆ. ಎಲೆ ಬಲಿತು ಹಳದಿಯಾಗುವಾಗ, ಕೊಯ್ದು ಹದಗೊಳಿಸುವಾಗ, ಒಂದು ಕಿಣ್ವ ನಿಕೋಟಿನ್ ಅಣುವಿನ ಸಾರಜನಕಕ್ಕೆ ಅಂಟಿಕೊಂಡ ಮೀಥೈಲ್ ಗುಂಪನ್ನು ಕತ್ತರಿಸುತ್ತದೆ. ಉಳಿಯುವುದೇ ನಾರ್ನಿಕೋಟಿನ್. ಒಂದು ಇಂಗಾಲ, ಅದರೊಡನಿದ್ದ ಜಲಜನಕ, ಇಷ್ಟೇ ಬದಲಾವಣೆ. ಆದರೆ ಆ ಸಾರಜನಕ ಈಗ ನೈಟ್ರೈಟ್ ಜೊತೆಗಿನ ಕ್ರಿಯೆಗೆ ಸುಲಭವಾಗಿ ತೆರೆದುಕೊಂಡಿರುತ್ತದೆ, ಮತ್ತು ಆ ಕ್ರಿಯೆಯಿಂದ ಹುಟ್ಟುವುದು ಎನ್‌ಎನ್‌ಎನ್ ಎಂದು ಕರೆಯುವ ನೈಟ್ರೋಸಮೀನ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. ಕೆಲವು ಗಿಡಗಳಲ್ಲಿ ಈ ಕಿಣ್ವ ಎಷ್ಟು ಚುರುಕೆಂದರೆ, ಎಲೆಯ ಬಹುಪಾಲು ನಿಕೋಟಿನ್ ನಾರ್ನಿಕೋಟಿನ್ ಆಗಿಬಿಡುತ್ತದೆ. ಅಂಥ ಗಿಡಗಳಿಂದ ಬೀಜ ಹಿಡಿಯದಂತೆ ತಳಿಗಾರರು ನೋಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇನ್ನು ವೇಪಿಂಗ್, ಅಂದರೆ ಇ-ಸಿಗರೇಟಿನ ಆವಿ ಎಳೆಯುವುದು. ಇ-ಸಿಗರೇಟಿನ ದ್ರವದಲ್ಲಿ ಎಲೆ ಇರುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ವಸ್ತುಗಳು, ಶುದ್ಧೀಕರಿಸಿದ ನಿಕೋಟಿನ್, ಇಷ್ಟೇ. ಏನೂ ಉರಿಯುವುದಿಲ್ಲವಾದ್ದರಿಂದ ಸಿಗರೇಟಿನ ಹೊಗೆಯ ಟಾರ್ ಆವಿಯಲ್ಲಿರುವುದಿಲ್ಲ. ನೈಟ್ರೋಸಮೀನ್‌ಗಳೂ ಬಹಳ ಕಡಿಮೆ. ಆದರೂ ಸಿಗರೇಟಿನಿಂದ ಇದಕ್ಕೆ ಬದಲಾಯಿಸಿದ ಕೆಲವರು ನಿಕೋಟಿನ್ ಸಾಕಷ್ಟು ಸಿಕ್ಕರೂ ಏನೋ ಕೊರತೆಯಿದೆ ಎನ್ನುತ್ತಾರೆ. ಅವರ ಮಾತನ್ನು ಬರೀ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ.

1996ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದ ಜೊಆನಾ ಫೌಲರ್ ಮತ್ತು ಸಂಗಡಿಗರು ಧೂಮಪಾನಿಗಳ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು. ಮಿದುಳಿನಲ್ಲಿ ಹಿತದ ಅನುಭವಕ್ಕೆ ನೆರವಾಗುವ ಡೋಪಮೀನ್ ಎಂಬ ರಾಸಾಯನಿಕವನ್ನು ಒಡೆಯುವ ಮೋನೋಅಮೀನ್ ಆಕ್ಸಿಡೇಸ್-ಬಿ ಎಂಬ ಕಿಣ್ವ ಅವರಲ್ಲಿ ಸೇದದವರಿಗಿಂತ ಸುಮಾರು 40% ಕಡಿಮೆಯಿತ್ತು. ನಿಕೋಟಿನ್ ಡೋಪಮೀನನ್ನು ಬಿಡುಗಡೆ ಮಾಡಿಸುತ್ತದೆ. ಅದನ್ನು ಒಡೆಯುವ ಕಿಣ್ವವೇ ತಗ್ಗಿದರೆ ಪರಿಣಾಮ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಗಮನಿಸಬೇಕಾದದ್ದು, ಧೂಮಪಾನಿಯ ದೇಹದಲ್ಲಿ ಇರುವಷ್ಟು ನಿಕೋಟಿನ್ ಈ ಕಿಣ್ವವನ್ನು ತಡೆಯಲಾರದು. ತಡೆಯುವುದು ಹೊಗೆಯಲ್ಲಿನ ಬೇರೆ ವಸ್ತುಗಳು. ಇನ್ನೊಂದೆಡೆ, 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಿಕೋಟಿನ್ ಜೊತೆ ಅನಾಬಸಿನ್, ನಾರ್ನಿಕೋಟಿನ್, ಅನಾಟಬಿನ್, ಕೋಟಿನಿನ್, ಮಯೋಸ್ಮಿನ್ ಈ ಐದನ್ನೂ ಬೆರೆಸಿ ಕೊಟ್ಟಾಗ, ಇಲಿಗಳು ಬರೀ ನಿಕೋಟಿನ್‌ಗಿಂತ ಈ ಮಿಶ್ರಣವನ್ನು ಹೆಚ್ಚು ಬಯಸಿ ತೆಗೆದುಕೊಂಡವು.

ಇಂಥ ಸುಳಿವುಗಳಿಂದ ಹುಟ್ಟಿದ್ದು 'ಪೂರ್ಣ ತಂಬಾಕು ಆಲ್ಕಲಾಯ್ಡ್' ದ್ರವಗಳು. ಎಲೆಯಿಂದ ನಿಕೋಟಿನ್ನನ್ನಷ್ಟೇ ಅಲ್ಲದೆ ಇತರ ಆಲ್ಕಲಾಯ್ಡ್‌ಗಳನ್ನೂ ಒಟ್ಟಿಗೆ ಹೊರತೆಗೆದು ಬೆರೆಸುವುದು ಇದರ ಕ್ರಮ. ಆಸೆ ಅರ್ಥವಾಗುವಂಥದ್ದೇ, ಆದರೆ ತರ್ಕದಲ್ಲಿ ದೊಡ್ಡ ಬಿರುಕಿದೆ. ಮೋನೋಅಮೀನ್ ಆಕ್ಸಿಡೇಸನ್ನು ತಡೆಯುವ ವಸ್ತುಗಳಲ್ಲಿ ಪ್ರಮುಖವೆನಿಸಿದ ಹಾರ್ಮನ್ ಮತ್ತು ನಾರ್‌ಹಾರ್ಮನ್ ಎಲೆಯಲ್ಲಿ ಅಲ್ಪ. ಅವು ಹೆಚ್ಚಾಗಿ ಹುಟ್ಟುವುದು ಎಲೆ ಉರಿಯುವಾಗ. ಉರಿಯದ ಎಲೆಯ ಸಾರದಲ್ಲಿ ಹೊಗೆಯ ಆ ಗುಣವನ್ನು ಅಷ್ಟೇ ಪ್ರಮಾಣದಲ್ಲಿ ನಿರೀಕ್ಷಿಸುವಂತಿಲ್ಲ. ಬರುವುದು ಖಚಿತವಾದದ್ದು ನಾರ್ನಿಕೋಟಿನ್. ಇವು ಎಲೆಯಿಂದ ಬಂದವು, ಹಾಗಾಗಿ ಸೌಮ್ಯ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಅನಾಬಸಿನ್ನೇ ಮುಖ್ಯ ಆಲ್ಕಲಾಯ್ಡ್ ಆಗಿರುವ ಮರತಂಬಾಕಿನ ಎಲೆಯನ್ನು ಸೊಪ್ಪೆಂದು ತಪ್ಪಾಗಿ ತಿಳಿದು ತಿಂದವರು ಸತ್ತ ದಾಖಲೆಗಳಿವೆ. ಒಂದು ಕಾಲಕ್ಕೆ ಸೋವಿಯತ್ ಒಕ್ಕೂಟದಲ್ಲಿ ಅನಾಬಸಿನ್ನನ್ನು ಕೀಟನಾಶಕವಾಗಿ ಬಳಸುತ್ತಿದ್ದರು.

ಶುದ್ಧೀಕರಿಸಿದ ನಿಕೋಟಿನ್ ಬಳಸಿದರೆ ಈ ತೊಂದರೆ ಪೂರ್ತಿ ತಪ್ಪುತ್ತದೆಯೇ? 2018ರಲ್ಲಿ ಅಮೆರಿಕದ ಸಂಶೋಧಕರು ಇ-ಸಿಗರೇಟು ಬಳಸುವವರ ಜೊಲ್ಲಿನಲ್ಲಿ ಎನ್‌ಎನ್‌ಎನ್ ಇರುವುದನ್ನು ವರದಿ ಮಾಡಿದರು. ದ್ರವದಲ್ಲಿದ್ದ ಎನ್‌ಎನ್‌ಎನ್ ಅದಕ್ಕೆ ಕಾರಣವಾಗುವಷ್ಟಿರಲಿಲ್ಲ. ಹಾಗಾಗಿ ಅದು ದೇಹದೊಳಗೇ, ನಾರ್ನಿಕೋಟಿನ್‌ನಿಂದ, ತಯಾರಾಗಿರಬೇಕು ಎಂಬುದು ಅವರ ವಿವರಣೆ. ಜೊಲ್ಲಿನಲ್ಲಿ ನೈಟ್ರೈಟ್ ಸಹಜವಾಗಿಯೇ ಇರುತ್ತದೆ. ಸಿಗರೇಟು ಸೇದುವವರಲ್ಲಿ ಕಾಣುವ ಪ್ರಮಾಣಕ್ಕಿಂತ ಇದು ತೀರಾ ಕಡಿಮೆ ಎಂಬುದನ್ನೂ ಹೇಳಲೇಬೇಕು. ಆದರೂ ದ್ರವದಲ್ಲಿ ನಾರ್ನಿಕೋಟಿನ್ ಎಷ್ಟಿದೆ ಎಂಬುದನ್ನು ಅಳೆಯದೆ ಬಿಡಲು ಇದು ನೆಪವಾಗಬಾರದು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಯುರೋಪಿಯನ್ ಫಾರ್ಮಕೋಪಿಯ ಎಂಬ ಗ್ರಂಥ ಔಷಧದ ನಿಕೋಟಿನ್‌ಗೆ ಇಂಥ ಪ್ರತಿಯೊಂದು ಕಲ್ಮಶವೂ 0.3%, ಎಲ್ಲ ಸೇರಿ 0.8% ಮೀರಬಾರದೆಂದು ಗೆರೆ ಎಳೆದಿದೆ. ಮಾರುಕಟ್ಟೆಯ ದ್ರವಗಳನ್ನು ಪರೀಕ್ಷಿಸಿದಾಗ ಕೆಲವು ಈ ಗೆರೆಯನ್ನು ದಾಟಿದ್ದವು.

ಶುದ್ಧವಾಗಿ ಸೀಸೆ ಸೇರಿದ ದ್ರವವೂ ಹಾಗೆಯೇ ಉಳಿಯುವುದಿಲ್ಲ. ಮುಚ್ಚಳ ತೆರೆದಿಟ್ಟರೆ ಬಣ್ಣವಿಲ್ಲದ ದ್ರವ ಕೆಲವೇ ವಾರಗಳಲ್ಲಿ ಹಳದಿಗೆ ತಿರುಗಿ, ಬರಬರುತ್ತಾ ಕಂದಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಬೆಳಕು ನಿಕೋಟಿನ್ನನ್ನು ಮಾರ್ಪಡಿಸುತ್ತಿರುವ ಗುರುತು ಅದು. ಹೀಗೆ ಹುಟ್ಟುವವುಗಳಲ್ಲಿ ಬೀಟಾ-ನಿಕೋಟಿರಿನ್ ಒಂದು, ಮತ್ತು ನಿಕೋಟಿನ್ನನ್ನು ಕೋಟಿನಿನ್ ಆಗಿ ಬದಲಿಸುವ ಯಕೃತ್ತಿನ ಕಿಣ್ವವನ್ನೇ ಅದು ತಡೆಯಬಲ್ಲದು. ಆ ಕಿಣ್ವ ನಿಧಾನವಾದಷ್ಟೂ ನಿಕೋಟಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸೀಸೆಯ ಚೀಟಿಯ ಮೇಲೆ ಮಾತ್ರ ಒಂದು ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ನಿಕೋಟಿನ್ ಎಂಬ ಒಂದೇ ಸಂಖ್ಯೆ ಇರುತ್ತದೆ, ಅದೂ ತುಂಬಿದ ದಿನದ್ದು.