ಟಪಾಲು ವಿಂಗಡಿಸುವವರಿಗೆ ಸಾಮಾನ್ಯ ಜ್ಞಾನದ ಪರೀಕ್ಷೆ ಯಾಕೆ?

ಕೆಲವು ವರ್ಷಗಳ ಹಿಂದೆ ನಮ್ಮ ತರಬೇತಿ ಕೇಂದ್ರದ ಯುವಕರೊಬ್ಬರನ್ನು ಒಂದು ಸರ್ಕಾರಿ ಕಚೇರಿಯ ಟಪಾಲು ಮೇಜಿಗೆ ಕರೆದುಕೊಂಡು ಹೋಗಿದ್ದೆ. ಆರು ತಿಂಗಳ ಕೆಲಸದ ತರಬೇತಿ. ಅವರಿಗೆ ಬೌದ್ಧಿಕ ಅಸಾಮರ್ಥ್ಯ ಇದೆ. ಅಕ್ಷರ ಗುರುತಿಸುತ್ತಾರೆ, ವಾಕ್ಯ ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಅಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮೇಡಂ, ಇವರಿಗೆ ಏನು ಕೆಲಸ ಕೊಡೋದು ಹೇಳಿ."

ಎರಡು ದಿನ ನಾನು ಸುಮ್ನೆ ಕೂತು ಆ ಮೇಜಿನ ಕೆಲಸ ನೋಡಿದೆ. ಲಕೋಟೆ ಒಡೆಯಬೇಕು. ಕಾಗದಕ್ಕೆ ತಾರೀಖಿನ ಮುದ್ರೆ ಹಾಕಬೇಕು. ಬಂದ ಕಾಗದಗಳನ್ನು ದಾಖಲಿಸುವ ಆವಕ ವಹಿಯಲ್ಲಿ ಬರೆಯಬೇಕು. ಶಾಖೆವಾರು ವಿಂಗಡಿಸಬೇಕು. ಹಂಚಬೇಕು. ಈ ಐದರಲ್ಲಿ ವಹಿ ಬರೆಯುವುದೊಂದೇ ಅವರಿಂದ ಆಗದ್ದು. ಅದನ್ನು ಗುಮಾಸ್ತರೇ ಇಟ್ಟುಕೊಂಡರು. ಬರೆಯುವಾಗಲೇ ಕಾಗದದ ಮೂಲೆಗೆ ಒಂದು ಬಣ್ಣದ ಗೆರೆ ಎಳೆದರು. ಸಿಬ್ಬಂದಿ ಶಾಖೆಗೆ ನೀಲಿ, ಲೆಕ್ಕ ಶಾಖೆಗೆ ಕೆಂಪು. ಟ್ರೇಗಳಿಗೂ ಅದೇ ಬಣ್ಣ ಅಂಟಿಸಿದೆವು. ಮೂರನೇ ವಾರದ ಹೊತ್ತಿಗೆ ನಾನು ಪಕ್ಕದಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ. ಬೆಳಿಗ್ಗೆ ಮುದ್ರೆಯ ತಾರೀಖು ತಿರುಗಿಸಲು ಮರೆಯುವುದು ಆ ಕಚೇರಿಯ ಹಳೇ ತಾಪತ್ರಯ. ಇವರು ಬಂದ ಮೇಲೆ ಅದು ನಿಂತಿತು.

ಒಮ್ಮೆ ಮಾತ್ರ ತೊಂದರೆಯಾಯಿತು. ಒಂದು ಸೋಮವಾರ ಬಂದು ನೋಡಿದರೆ ಮೇಜನ್ನು ಬೇರೆ ಕೋಣೆಗೆ ಸಾಗಿಸಿದ್ದರು. ಯಾರೂ ಮೊದಲೇ ಹೇಳಿರಲಿಲ್ಲ. ಅವರು ಗಾಬರಿಯಾಗಿ ಮಧ್ಯಾಹ್ನದವರೆಗೂ ಹಳೇ ಜಾಗದಲ್ಲೇ ನಿಂತಿದ್ದರು. ಶುಕ್ರವಾರವೇ ಹೊಸ ಕೋಣೆ ತೋರಿಸಿದ್ದರೆ ಮುಗಿದಿತ್ತು. ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳುವ ಸೂಕ್ತ ಹೊಂದಾಣಿಕೆ, ಅಂದರೆ ಅವರಿಗೆ ತಕ್ಕಂತೆ ಮಾಡಿಕೊಡುವ ಬದಲಾವಣೆ, ಎಷ್ಟೋ ಸಲ ಇಷ್ಟೇ. ಖರ್ಚಿಲ್ಲ, ಯಂತ್ರ ಬೇಡ.

ಆರು ತಿಂಗಳು ಮುಗಿದ ಮೇಲೆ ಅವರು ಮನೆಗೆ ಹೋದರು. ಅದೇ ಕೆಲಸಕ್ಕೆ ಕಾಯಂ ಆಗಿ ಸೇರುವ ದಾರಿ ಅವರಿಗಿರಲಿಲ್ಲ. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವ ಸಂಗತಿ ಇದು. ಮೀಸಲಾತಿ ಇದೆ, ಕೆಲಸ ಇದೆ, ಮಾಡಬಲ್ಲವರೂ ಇದ್ದಾರೆ. ನಡುವೆ ಸಾಮಾನ್ಯ ಜ್ಞಾನದ ಒಂದು ಪ್ರಶ್ನೆಪತ್ರಿಕೆ ಇದೆ.

1995ರ ವಿಕಲಚೇತನರ ಕಾಯ್ದೆಯಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 3 ಮೀಸಲಾತಿ ಇತ್ತು. ಅದು ದೃಷ್ಟಿ, ಶ್ರವಣ ಮತ್ತು ಚಲನೆಯ ತೊಂದರೆ ಇರುವವರಿಗೆ ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಕನಿಷ್ಠ ಶೇ 4ಕ್ಕೆ ಏರಿಸಿತು. ಹೊಸದಾಗಿ ಸೇರಿದ ಶೇ 1ರಲ್ಲಿ ಮೊದಲ ಬಾರಿಗೆ ಬೌದ್ಧಿಕ ಅಸಾಮರ್ಥ್ಯ ಇರುವ ನಮ್ಮವರಿಗೂ ಜಾಗ ಸಿಕ್ಕಿತು. ಆದರೆ ಆ ಒಂದರೊಳಗೆ ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥದ್ದು), ಮಾನಸಿಕ ಕಾಯಿಲೆ, ಒಂದಕ್ಕಿಂತ ಜಾಸ್ತಿ ವೈಕಲ್ಯ ಇರುವವರು ಎಲ್ಲರೂ ಸೇರಿದ್ದಾರೆ. ಕಲಿಕಾ ನ್ಯೂನತೆ ಇದ್ದೂ ಪದವಿ ಮುಗಿಸಿದವರು ಮತ್ತು ನಮ್ಮ ಟಪಾಲು ಮೇಜಿನ ಯುವಕ ಒಂದೇ ಪರೀಕ್ಷೆ ಬರೆದರೆ ಯಾರಿಗೆ ಸಿಗುತ್ತದೆ ಎಂದು ಹೇಳಬೇಕಾಗಿಲ್ಲ ಅಲ್ವಾ? ಅದು ಆ ಪದವೀಧರರ ತಪ್ಪೂ ಅಲ್ಲ.

ಕಣ್ಣು ಕಾಣದ ಅಭ್ಯರ್ಥಿಗೆ ಉತ್ತರ ಬರೆದುಕೊಡುವವರು ಸಿಕ್ಕರೆ ಅವರ ಜ್ಞಾನ ಹೊರಗೆ ಬರುತ್ತದೆ. ನಮ್ಮವರಿಗೆ ಗಂಟೆಗೆ 20 ನಿಮಿಷ ಜಾಸ್ತಿ ಕೊಟ್ಟರೂ ಪ್ರಶ್ನೆಯೇ ಕೈಗೆಟುಕುವುದಿಲ್ಲ. ಕೊನೆಗೆ ಕಡತದಲ್ಲಿ "ಸೂಕ್ತ ಅಭ್ಯರ್ಥಿ ಲಭ್ಯವಿಲ್ಲ" ಎಂದು ಬರೆಯುತ್ತಾರೆ. ಹುದ್ದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆಗಲೂ ಯಾರೂ ಸಿಗದಿದ್ದರೆ ಬೇರೆ ಬಗೆಯ ವಿಕಲಚೇತನರಿಗೆ ಕೊಡಲು ಕಾಯ್ದೆಯಲ್ಲೇ ಅವಕಾಶ ಇದೆ.

ಸ್ಪೇನ್ ದೇಶ ಈ ಗಂಟನ್ನು ಬಿಡಿಸಿದೆ. ಅಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಕನಿಷ್ಠ ಶೇ 7 ವಿಕಲಚೇತನರಿಗೆ. ಅದರೊಳಗೆ ಕನಿಷ್ಠ ಶೇ 2 ಬೌದ್ಧಿಕ ಅಸಾಮರ್ಥ್ಯ ಇರುವವರಿಗೇ ಮೀಸಲು. 2011ರಿಂದ ಈ ನಿಯಮ ಇದೆ. ಅವರಿಗಾಗಿಯೇ ಬೇರೆ ಅಧಿಸೂಚನೆ ಹೊರಡಿಸಿ ಬೇರೆ ಪರೀಕ್ಷೆ ನಡೆಸುತ್ತಾರೆ. ನಮ್ಮಲ್ಲೂ ಆ ಶೇ 1ರೊಳಗೆ ಪ್ರತ್ಯೇಕ ಪಾಲು ಬೇಕು. ಪರೀಕ್ಷೆಯ ಬದಲು ಎರಡು ವಾರ ಮೇಜಿನ ಮುಂದೆ ಕೂರಿಸಿ ಕೆಲಸ ನೋಡಬೇಕು. ಯಾವ ಹುದ್ದೆ ಯಾರಿಗೆ ಸರಿಹೊಂದುತ್ತದೆ ಎಂಬ ಪಟ್ಟಿಯನ್ನು ಮೂರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕೆಂದು ನಮ್ಮ 2016ರ ಕಾಯ್ದೆಯ 33ನೇ ಕಲಂ ಹೇಳುತ್ತದೆ. ಪೋಷಕರ ಸಂಘಗಳು ಪಟ್ಟು ಹಿಡಿಯಬೇಕಾದ ಜಾಗ ಅದು.

2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲಿ ಮಿಟ್ಟಿ ಕೆಫೆ ತೆರೆದಾಗ ನಾನೂ ತುಂಬ ಸಂತೋಷಪಟ್ಟೆ. 2017ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಕೆಲಸ ಮಾಡುವವರು ವಿಕಲಚೇತನರು. ಆದರೆ ಸಂಬಳ ಕೊಡುವುದು ಸಂಸ್ಥೆ. ಸರ್ಕಾರಿ ಕಟ್ಟಡದೊಳಗೆ ಕೆಲಸ ಮಾಡುವುದೇ ಬೇರೆ, ಸರ್ಕಾರಿ ನೌಕರರಾಗುವುದೇ ಬೇರೆ. ಇನ್ನೊಂದು ಕಡೆ, ನಮ್ಮವರು ಚೆನ್ನಾಗಿ ಮಾಡಬಲ್ಲ ಡಿ ಗುಂಪಿನ ಎಷ್ಟೋ ಕೆಲಸಗಳು ಹೊರಗುತ್ತಿಗೆಗೆ ಹೋಗಿವೆ. ಕಾಯ್ದೆಯ ಮೀಸಲಾತಿ ಇರುವುದು ಮಂಜೂರಾದ ಹುದ್ದೆಗಳಿಗೆ. ಹುದ್ದೆಯೇ ಇಲ್ಲದಿದ್ದರೆ ಪಾಲು ಎಲ್ಲಿಂದ ಬರಬೇಕು?

ಕಚೇರಿಯವರಿಗೆ ಒಂದು ಮಾತು. ಇಪ್ಪತ್ತನಾಲ್ಕು ವರ್ಷದ ಸಹೋದ್ಯೋಗಿಯನ್ನು "ಪುಟ್ಟ" ಎಂದು ಕರೆಯಬೇಡಿ. ಪ್ರೀತಿಯಿಂದಲೇ ಕರೆಯುತ್ತೀರಿ, ಗೊತ್ತು. ಆದರೆ ಹಾಗೆ ಕರೆದವರು ಬೇಗ ಚಹಾ ತರಲು ಕಳಿಸಲು ಶುರುಮಾಡುತ್ತಾರೆ, ಮುದ್ರೆ ಹಾಕುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾನು ಇದನ್ನು ಎಷ್ಟೋ ಕಡೆ ನೋಡಿದ್ದೇನೆ.

ಪೋಷಕರಿಗೂ ಒಂದು ಮಾತು. ಅಪ್ಪ ಅಥವಾ ಅಮ್ಮ ಸರ್ಕಾರಿ ನೌಕರರಾಗಿದ್ದರೆ, ಅವರ ನಂತರ ಬರುವ ಕುಟುಂಬ ಪಿಂಚಣಿ ಮಗನ ಸಂಬಳದಿಂದ ನಿಂತುಹೋದರೆ ಎಂಬ ಭಯಕ್ಕೇ ಅನೇಕರು ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ಭಯ ಸುಳ್ಳಲ್ಲ. ಆದರೆ ಕೇಂದ್ರ ಸರ್ಕಾರ 2021ರಲ್ಲಿ ಆದಾಯದ ಮಿತಿಯನ್ನು ಏರಿಸಿತು. ಮಗ ಅಥವಾ ಮಗಳ ಬೇರೆ ಆದಾಯ, ತೀರಿಕೊಂಡ ನೌಕರರ ಕೊನೆಯ ಸಂಬಳದ ಶೇ 30 ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತಕ್ಕಿಂತ ಕಡಿಮೆ ಇದ್ದರೆ ಪಿಂಚಣಿ ಸಿಗುತ್ತದೆ. ಇದು ಕೇಂದ್ರದ ನೌಕರರ ನಿಯಮ. ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಪಿಂಚಣಿ ಶಾಖೆಯಲ್ಲಿ ಅರ್ಜಿ ಕೊಟ್ಟು, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಆಮೇಲೆ ನಿರ್ಧಾರ ಮಾಡಿ. ಆ ನಿರ್ಧಾರದ ಮಾತುಕತೆಗೆ ಮಗನನ್ನೂ ಕೂರಿಸಿಕೊಳ್ಳಿ.