ದೋಷದ ದಾರಿಯಲ್ಲಿ ಉಳಿದುಹೋದ 4096 ಬೈಟ್

ಸಕಲೇಶಪುರದ ಕಾಫಿ ತೋಟವೊಂದರಿಂದ ಹಾಸನದ ನನ್ನ ಕೆಲಸದ ಮೇಜಿಗೆ ಬಂದಿದ್ದ ಪುಟ್ಟ ಪೆಟ್ಟಿಗೆಯಲ್ಲಿ 128 ಎಂಬಿ ಮೆಮೊರಿಯಿತ್ತು, ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) 5.10 ಇತ್ತು. ಮಣ್ಣಿನ ತೇವಾಂಶವನ್ನು ಅಳೆದು ಕಳುಹಿಸುವ ಆ ಸಾಧನ ಬೇಸಿಗೆಯಿಡೀ ಸರಿಯಾಗಿ ನಡೆದು, ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ನಿಂತುಬಿಡುತ್ತಿತ್ತು. ಕರೆಂಟ್ ತೆಗೆದು ಮತ್ತೆ ಕೊಟ್ಟರೆ ಏಳುತ್ತಿತ್ತು.

ಪೆಟ್ಟಿಗೆಯೊಳಗೆ ನೀರು ಹೋಗಿರಬೇಕೆಂದು ತೋಟದವರು ಭಾವಿಸಿದ್ದರು. ನೀರು ಹೋಗಿದ್ದು ಸೆನ್ಸರಿನ ಕನೆಕ್ಟರ್‌ಗೆ ಮಾತ್ರ. ಸೆನ್ಸರ್ ಉತ್ತರಿಸದಿದ್ದಾಗ ಡ್ರೈವರ್ (ಸೆನ್ಸರನ್ನು ನಡೆಸುವ ಕರ್ನೆಲ್‌ನ ಭಾಗ) 30 ಸೆಕೆಂಡಿಗೊಮ್ಮೆ ಮರುಪ್ರಯತ್ನ ಮಾಡುತ್ತಿತ್ತು. ಪ್ರತಿ ಸಲವೂ ಮೆಮೊರಿ ಕೊಡುವ ಕೆಮ್ಯಾಲಾಕ್‌ನಿಂದ 4096 ಬೈಟ್ ಪಡೆದು, ದೋಷ ಕಂಡೊಡನೆ ಕೆಫ್ರೀ ಮಾಡದೆಯೇ, ಎಂದರೆ ಆ ಮೆಮೊರಿಯನ್ನು ಹಿಂದಿರುಗಿಸದೆಯೇ, ಫಂಕ್ಷನ್ನಿನಿಂದ ಹೊರಬರುತ್ತಿತ್ತು. ದಿನಕ್ಕೆ 2880 ಪ್ರಯತ್ನವೆಂದರೆ 11 ಎಂಬಿಗೂ ಹೆಚ್ಚು. ಸಾಮಾನ್ಯ ಪ್ರೋಗ್ರಾಂ ಮುಗಿದಾಗ ಅದರ ಮೆಮೊರಿಯನ್ನು ಕರ್ನೆಲ್ ವಾಪಸು ಪಡೆಯುತ್ತದೆ, ಆದರೆ ಕರ್ನೆಲ್ ತಾನೇ ಮರೆತದ್ದನ್ನು ವಾಪಸು ಪಡೆಯುವವರಿಲ್ಲ. ಮೆಮೊರಿ ಮುಗಿದಾಗ ಏಳುವ ಓಓಎಂ ಕಿಲ್ಲರ್ ಪ್ರೋಗ್ರಾಂಗಳನ್ನು ಒಂದೊಂದಾಗಿ ನಿಲ್ಲಿಸಿದರೂ ಸೋರಿದ ತುಂಡುಗಳು ಹಾಗೆಯೇ ಉಳಿಯುತ್ತವೆ.

ಸೋರಿದ ಮೆಮೊರಿಯನ್ನು ಪತ್ತೆಹಚ್ಚುವ ಕೆಮೆಮ್‌ಲೀಕ್ ಸೇರಿಸಿ ಕರ್ನೆಲ್ ಬಿಲ್ಡ್ ಮಾಡಿ, ಬೇಕೆಂದೇ ಕನೆಕ್ಟರ್ ಬಿಚ್ಚಿಟ್ಟು ಕಾದೆ. ಯಾವ ಪಾಯಿಂಟರೂ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಸೂಚಿಸದ 4096 ಬೈಟಿನ ತುಂಡುಗಳ ಪಟ್ಟಿ ಬಂದಿತು. ಪ್ರತಿಯೊಂದರ ಕೆಳಗೂ ಅದನ್ನು ಪಡೆದ ಫಂಕ್ಷನ್ನಿನ ಹೆಸರು ಒಂದೇ.

ಆ ಫಂಕ್ಷನ್ನಿನಲ್ಲಿ ಏಳು ಕಡೆ ರಿಟರ್ನ್ (ಹೊರಬರುವ ಸಾಲು) ಇತ್ತು, ಆರರಲ್ಲಿ ಕೆಫ್ರೀ ಇತ್ತು. ತಪ್ಪು ಏಳನೆಯದರಲ್ಲಿದ್ದರೂ, ಒಂದೇ ಕೆಲಸವನ್ನು ಏಳು ಕಡೆ ನೆನಪಿಟ್ಟು ಬರೆಯಬೇಕಾದ ರಚನೆಯೇ ನಿಜವಾದ ದೋಷವೆಂಬುದು ನನ್ನ ಅಭಿಪ್ರಾಯ. ಇಂಥಲ್ಲಿ ಕರ್ನೆಲ್‌ನ ರೂಢಿಯೆಂದರೆ ಎಲ್ಲ ದೋಷಗಳನ್ನೂ ಗೋಟು (ನೇರವಾಗಿ ಜಿಗಿಯುವ ಆದೇಶ) ಮೂಲಕ ಫಂಕ್ಷನ್ನಿನ ಕೊನೆಗೆ ತಂದು, ಪಡೆದದ್ದನ್ನೆಲ್ಲ ಪಡೆದ ಕ್ರಮಕ್ಕೆ ತಿರುವುಮುರುವಾಗಿ ಬಿಡುತ್ತ ಬರುವುದು. ಮೊದಲು ಬಫರ್ (ದತ್ತಾಂಶ ಇಡುವ ಮೆಮೊರಿ), ಆಮೇಲೆ ಇಂಟರಪ್ಟ್ (ಸಾಧನ ಕರ್ನೆಲನ್ನು ಕರೆಯುವ ಸಂಕೇತ) ಪಡೆದಿದ್ದರೆ, ಬಿಡುವಾಗ ಇಂಟರಪ್ಟ್ ಮೊದಲು ಹೋಗಬೇಕು. ಇಲ್ಲವಾದರೆ ಬಿಟ್ಟುಕೊಟ್ಟ ಬಫರಿಗೆ ಇಂಟರಪ್ಟ್ ಹ್ಯಾಂಡ್ಲರ್ ಬರೆಯಬಹುದು, ಅದು ಸೋರಿಕೆಗಿಂತಲೂ ಅಪಾಯಕರ.

2023ರ 6.5ನೇ ಆವೃತ್ತಿಯಿಂದ, ಪಾಯಿಂಟರಿನ ಸ್ಕೋಪ್ (ಅದು ಚಾಲ್ತಿಯಲ್ಲಿರುವ ಕೋಡಿನ ವ್ಯಾಪ್ತಿ) ಮುಗಿದೊಡನೆ ಕೆಫ್ರೀ ತಾನಾಗಿಯೇ ನಡೆಯುವ ಸೌಲಭ್ಯವೂ ಇದೆ. ಒಂದೇ ಫಂಕ್ಷನ್ನಿನಲ್ಲಿ ಅದನ್ನೂ ಗೋಟುವನ್ನೂ ಬೆರೆಸಬಾರದೆಂದು ಕರ್ನೆಲ್ ದಾಖಲೆಯೇ ಹೇಳುತ್ತದೆ, ಏಕೆಂದರೆ ಗೋಟುವನ್ನು ತೆಗೆಯುವುದೇ ಆ ಸೌಲಭ್ಯದ ಪ್ರಯೋಜನ, ಮತ್ತು ಗೋಟು ಒಂದು ಸ್ಕೋಪಿನಿಂದ ಇನ್ನೊಂದಕ್ಕೆ ಜಿಗಿಯಬಲ್ಲದು.

ತಿದ್ದುಪಡಿಯನ್ನೂ ರಚನೆಯ ಶುಚಿಗೊಳಿಸುವಿಕೆಯನ್ನೂ ನಾನು ಎರಡು ಪ್ಯಾಚ್‌ಗಳಾಗಿ (ಕೋಡಿನ ಬದಲಾವಣೆಯ ಕಟ್ಟುಗಳಾಗಿ) ಬರೆದೆ. ಎರಡನ್ನೂ ಕಲಸಿದ್ದರೆ ಹಳೆಯ ಆವೃತ್ತಿಗೆ ಹಿಂದಕ್ಕೆ ಒಯ್ಯುವವರು ನೂರು ಸಾಲುಗಳ ನಡುವೆ ನಿಜವಾದ ತಿದ್ದುಪಡಿಯನ್ನು ಹುಡುಕಬೇಕಾಗುತ್ತಿತ್ತು. ತೋಟದ ಪೆಟ್ಟಿಗೆಗೆ ಹೋದದ್ದು ಮೊದಲನೆಯ ಪ್ಯಾಚ್ ಮಾತ್ರ, ಏಳನೆಯ ರಿಟರ್ನ್‌ಗೆ ಮುನ್ನ ಒಂದು ಸಾಲಿನ ಕೆಫ್ರೀ. ಜೊತೆಗೆ ಹೊಸ ಕನೆಕ್ಟರ್.